ಕುದುರೆ ಕೊಂಡವರ ಹೆಸರು ಉಳಿಯಿತು, ಕುದುರೆ ಅರಿತವರ ಹೆಸರು ಅಳಿಯಿತು

ಹೋದ ವರ್ಷ ಮದುವೆ ದಿನಗಳಲ್ಲಿ ನಾವು ಗೆಳೆಯನೊಬ್ಬನ ಊರಿನಲ್ಲಿದ್ದೆವು. ಮದುಮಗನ ಮೆರವಣಿಗೆಗೆಂದು ಪೇಟೆಯಿಂದ ಬಿಳಿ ಕುದುರೆಯೊಂದನ್ನು ಬಾಡಿಗೆಗೆ ತರಿಸಿದ್ದರು. ಅದರ ಜೊತೆ ಬಂದಿದ್ದ ಮುದುಕ ಹಗ್ಗ ಹಿಡಿದು ಕುದುರೆಯ ಕತ್ತಿನ ಪಕ್ಕದಲ್ಲೇ ನಿಂತಿದ್ದ. "ಹತ್ತಿರದಾಗೆ ಪಟಾಕಿ ಹೊಡೀಬ್ಯಾಡ್ರಪ್ಪ, ಇದು ಹೊಸ ಕುದುರೆ, ಇನ್ನೂ ರೂಢಿ ಆಗಿಲ್ಲ" ಎಂದು ಎರಡು ಮೂರು ಸಲ ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬಾಡಿಗೆಗೆ ಬಂದವನು, ಅವನ ಮಾತು ಯಾರು ಕೇಳುತ್ತಾರೆ?

ಸರಪಟಾಕಿ ಸಿಡಿಯಿತು. ಅದೇ ಹೊತ್ತಿಗೆ ಹತ್ತು ವರ್ಷದ ಹುಡುಗನೊಬ್ಬ ಕುದುರೆಯ ಬಾಲದ ಕೂದಲು ಕೀಳಲು ಹಿಂದಿನಿಂದ ಓಡಿ ಬಂದ. ಒಂದೇ ಒದೆ. ಹುಡುಗನ ತೊಡೆಯ ಮೂಳೆ ಮುರಿಯಿತು. ಜನ ಕುದುರೆಯನ್ನು "ಹುಚ್ಚು ಕುದುರೆ" ಎಂದು ಬೈದರು, ಮುದುಕನ ಕೆನ್ನೆಗೆ ಎರಡು ಬಾರಿಸಿದರು. ಆ ಇಡೀ ಬೀದಿಯಲ್ಲಿ ಆ ಕುದುರೆಯನ್ನು ಅರಿತಿದ್ದವನು ಅವನೊಬ್ಬನೇ. ಹೊಡೆತ ತಿಂದವನೂ ಅವನೇ.

ಆಮೇಲೆ ನಾವು ಕುದುರೆಯ ಚರಿತ್ರೆ ಓದಲು ಕುಳಿತೆವು. ಓದುತ್ತಾ ಹೋದಂತೆ ಒಂದು ವಿಷಯ ಮತ್ತೆ ಮತ್ತೆ ಎದುರಾಯಿತು. ಕುದುರೆಯನ್ನು ಕೊಂಡ ರಾಜರ ಹೆಸರು, ಮಾರಿದ ವ್ಯಾಪಾರಿಗಳ ಲೆಕ್ಕ, ಗೆದ್ದ ಯುದ್ಧದ ತಾರೀಖು ಎಲ್ಲವೂ ಸಿಗುತ್ತವೆ. ಕುದುರೆಯ ಮನಸ್ಸು ಅರಿತು ಅದರ ಪಕ್ಕದಲ್ಲಿ ನಿಂತಿದ್ದವನ ಹೆಸರು ಮಾತ್ರ ಎಲ್ಲೋ ಅಪರೂಪಕ್ಕೆ ಸಿಗುತ್ತದೆ. ಅವನ ಮಾತು ಕೇಳಿದ ಕಡೆ ಕುದುರೆಯೂ ಮನುಷ್ಯನೂ ಉಳಿದಿದ್ದಾರೆ. ಕೇಳದ ಕಡೆ ಇಬ್ಬರೂ ಸತ್ತಿದ್ದಾರೆ.

ಓಡಿ ಬದುಕಿದ ಪ್ರಾಣಿ

ಮೊದಲು ಕುದುರೆ ಎಂಥ ಪ್ರಾಣಿ ಎಂದು ತಿಳಿಯಬೇಕು. ಅದಕ್ಕೆ ಎತ್ತಿನಂತೆ ಕೊಂಬಿಲ್ಲ, ನಾಯಿಯಂತೆ ಕೋರೆಹಲ್ಲಿಲ್ಲ. ಲಕ್ಷಾಂತರ ವರ್ಷ ಅದು ತೋಳ, ಸಿಂಹದಂಥ ಪ್ರಾಣಿಗಳಿಂದ ಪಾರಾಗಿದ್ದು ಓಟದಿಂದ. ಸದ್ದು ಕೇಳಿದರೆ ಮೊದಲು ಓಡು, ಆಮೇಲೆ ಏನೆಂದು ನೋಡು: ಇದು ಅದರ ರಕ್ತದಲ್ಲಿದೆ. ಓಡಲು ದಾರಿ ಇಲ್ಲದಿದ್ದಾಗ ಮಾತ್ರ ಒದೆಯುತ್ತದೆ, ಕಚ್ಚುತ್ತದೆ. ನಾವು ಸೊಕ್ಕು ಎಂದು ಕರೆಯುವುದು ಬಹುಪಾಲು ಸಲ ಭಯ.

ಅದರ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಾಗಾಗಿ ನಿಂತಲ್ಲೇ ಸುತ್ತಮುತ್ತ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಕಾಣದಿರುವುದು ಎರಡೇ ಜಾಗ: ಹಣೆ, ಮೂತಿಯ ನೇರ ಮುಂದೆ ತೀರಾ ಹತ್ತಿರದ ಜಾಗ, ಮತ್ತು ಬಾಲದ ನೇರ ಹಿಂದೆ. ಆ ಹುಡುಗ ಬಂದದ್ದು ಆ ಎರಡನೆಯ ಜಾಗದಿಂದ. ಕುದುರೆಗೆ ಅವನು ಹುಡುಗನೋ ತೋಳವೋ ಗೊತ್ತಾಗುವಂತೆಯೇ ಇರಲಿಲ್ಲ. "ಕುದುರೆಯ ಹಿಂದೆ ಹೋಗಬೇಡ" ಎಂದು ಹಿರಿಯರು ಹೇಳುತ್ತಿದ್ದ ಮಾತಿನ ಒಳಗಿರುವ ವಿಜ್ಞಾನ ಇಷ್ಟೇ.

ಹಳೆಯ ಮೂಳೆಗಳ ವಂಶವಾಹಿ ಪರೀಕ್ಷಿಸಿದ ವಿಜ್ಞಾನಿಗಳು 2021ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂದಿನ ಸಾಕು ಕುದುರೆಗಳ ಮೂಲ ಕಪ್ಪು ಸಮುದ್ರದ ಉತ್ತರ, ಪೂರ್ವದ ಹುಲ್ಲುಗಾವಲು ಸೀಮೆ. ಅಲ್ಲಿಂದ ಅವು ಇಂದಿಗೆ ಸುಮಾರು 4,200 ವರ್ಷಗಳ ಹಿಂದೆ ಎಲ್ಲ ಕಡೆ ಹಬ್ಬತೊಡಗಿದವು. ಆ ಜನ ಆರಿಸಿ ಸಾಕಿದ ಕುದುರೆಗಳಲ್ಲಿ ಎರಡು ಗುಣ ಎದ್ದು ಕಾಣುತ್ತವಂತೆ: ಭಾರ ಹೊರುವ ಗಟ್ಟಿ ಬೆನ್ನು, ಮತ್ತು ಬೇಗ ಬೆದರದ ಮೃದು ಸ್ವಭಾವ. ಅಂದರೆ ಮೊದಲ ದಿನದಿಂದಲೂ ಮನುಷ್ಯ ಹುಡುಕಿದ್ದು ಬಲವನ್ನಷ್ಟೇ ಅಲ್ಲ, ಧೈರ್ಯವನ್ನೂ. ಆದರೂ ನಾಲ್ಕು ಸಾವಿರ ವರ್ಷ ಸಾಕಿದ ಮೇಲೂ ಆ ಹಳೆಯ ಭಯ ಪೂರಾ ಹೋಗಿಲ್ಲ.

ಹೆಸರು ಉಳಿದ ಒಬ್ಬ ಕುದುರೆಯಾಳು

ಟರ್ಕಿ ದೇಶದ ಬೊಗಾಝ್‌ಕೋಯ್ ಎಂಬಲ್ಲಿ ಹಿಟ್ಟೈಟ್ ರಾಜರ ರಾಜಧಾನಿಯನ್ನು ಅಗೆದಾಗ ಸಾವಿರಾರು ಮಣ್ಣಿನ ಹಲಗೆಗಳು ಸಿಕ್ಕವು. ಅವುಗಳಲ್ಲಿ ಕೆಲವು ಕುದುರೆ ಪಳಗಿಸುವ ವಿಷಯದವು. ಬರೆಸಿದವನ ಹೆಸರು ಕಿಕ್ಕುಲಿ. ಮಿತಾನಿ ನಾಡಿನವನು, ಕಾಲ ಇಂದಿಗೆ ಸುಮಾರು 3,400 ವರ್ಷಗಳ ಹಿಂದೆ. ಅವನು ರಾಜನಲ್ಲ, ಸೇನಾಪತಿಯಲ್ಲ. ಕುದುರೆ ಪಳಗಿಸುವವನು. ತನ್ನ ಹೆಸರು, ನಾಡು, ಕಸುಬು ಹೇಳಿಕೊಂಡೇ ಬರಹ ಶುರು ಮಾಡುತ್ತಾನೆ.

ಅದರಲ್ಲಿರುವುದು ಹಲವು ತಿಂಗಳ ದಿನಚರಿ. ಇಂದು ಇಷ್ಟು ದೂರ ನಡೆಸಿ, ನಾಳೆ ಇಷ್ಟು ಓಡಿಸಿ. ಬೆವರಿದ ಮೇಲೆ ತೊಳೆಯಿರಿ, ಹೊದಿಕೆ ಹಾಕಿ. ಇಷ್ಟು ಹುಲ್ಲು, ಇಷ್ಟು ಕಾಳು, ಇಂಥ ಹೊತ್ತಿಗೆ ನೀರು. ಓಟ ಒಂದೇ ದಿನಕ್ಕೆ ಏರುವುದಿಲ್ಲ, ಸ್ವಲ್ಪ ಸ್ವಲ್ಪವೇ ಏರುತ್ತದೆ. ರಥಕ್ಕೆ ಕಟ್ಟುವ ಕುದುರೆಯನ್ನು ಚಾವಟಿಯಿಂದಲ್ಲ, ದಿನಚರಿಯಿಂದ ತಯಾರು ಮಾಡುವ ಕ್ರಮ ಅದು.

ನಮಗೆ ಇನ್ನೊಂದು ಕಾರಣಕ್ಕೂ ಕಿಕ್ಕುಲಿ ಹತ್ತಿರದವನು. ಕುದುರೆಯನ್ನು ಎಷ್ಟು ಸುತ್ತು ತಿರುಗಿಸಬೇಕು ಎಂದು ಹೇಳುವಾಗ ಅವನು ಬಳಸುವ ಎಣಿಕೆ ಪದಗಳು ಐಕ, ತೇರ, ಪಂಝ, ಸತ್ತ, ನ. ನಮ್ಮ ಏಕ, ತ್ರಿ, ಪಂಚ, ಸಪ್ತ, ನವ ಅಲ್ಲವೇ! ಸಂಸ್ಕೃತಕ್ಕೆ ಹತ್ತಿರವಾದ ಯಾವುದೋ ಮಾತು ಕುದುರೆ ಲಾಯದ ಮೂಲಕ ಟರ್ಕಿಯ ಮಣ್ಣಿನ ಹಲಗೆಗೆ ಸೇರಿಕೊಂಡಿದೆ. ಕುದುರೆ ಹೋದ ಕಡೆ ಕುದುರೆಯಾಳೂ ಹೋಗಿದ್ದಾನೆ, ಅವನ ಜೊತೆ ಅವನ ಭಾಷೆಯೂ ಹೋಗಿದೆ.

ಕೋಪದಲ್ಲಿ ಕುದುರೆ ಮುಟ್ಟಬೇಡ

ಕಿಕ್ಕುಲಿ ಏನು ಮಾಡಬೇಕೆಂದು ಹೇಳಿದ, ಏಕೆ ಎಂದು ಹೇಳಲಿಲ್ಲ. ಆ ಏಕೆ ಎಂಬುದನ್ನು ಬಿಡಿಸಿ ಬರೆದವನು ಗ್ರೀಸ್ ದೇಶದ ಝೆನೋಫನ್. ಕ್ರಿ.ಪೂ. ನಾಲ್ಕನೇ ಶತಮಾನದವನು, ಸ್ವತಃ ಕುದುರೆ ಸವಾರ, ಸೈನಿಕ. ಕುದುರೆ ಸವಾರಿಯ ಬಗ್ಗೆ ಅವನು ಬರೆದ ಸಣ್ಣ ಪುಸ್ತಕವನ್ನು ಇಂದಿಗೂ ಜನ ಓದುತ್ತಾರೆ. ಆಗಿನ ಸವಾರರಿಗೆ ಕಾಲಿಡಲು ರಿಕಾಪು ಕೂಡ ಇರಲಿಲ್ಲ. ಕುದುರೆ ಬೆದರಿದರೆ ಸವಾರ ನೆಲಕ್ಕೇ. ಆದ್ದರಿಂದ ಕುದುರೆಯ ಮನಸ್ಸು ಅರಿಯುವುದು ಅವರಿಗೆ ಪ್ರಾಣದ ಪ್ರಶ್ನೆ.

ಅವನು ಹೇಳುವ ಮೊದಲ ಮಾತು: ಕೋಪದಲ್ಲಿರುವಾಗ ಕುದುರೆಯ ಹತ್ತಿರ ಹೋಗಬೇಡ. ಕೋಪದಲ್ಲಿ ಮಾಡಿದ್ದಕ್ಕೆ ಆಮೇಲೆ ಪಶ್ಚಾತ್ತಾಪ ಪಡಬೇಕಾಗುತ್ತದೆ ಎನ್ನುತ್ತಾನೆ.

ಎರಡನೆಯ ಮಾತು ಇನ್ನೂ ಮುಖ್ಯ. ಕುದುರೆ ಏನನ್ನೋ ಕಂಡು ಬೆದರಿ ನಿಂತಿತು ಅನ್ನಿ. ಹೊಡೆದು ಮುಂದಕ್ಕೆ ನೂಕಬೇಡ. ಹೊಡೆದರೆ ಆ ನೋವು ಎದುರಿಗಿರುವ ವಸ್ತುವಿನಿಂದಲೇ ಬಂತೆಂದು ಕುದುರೆ ತಿಳಿಯುತ್ತದೆ, ಮುಂದಿನ ಸಲ ಇಮ್ಮಡಿ ಬೆದರುತ್ತದೆ. ಅದರ ಬದಲು ನೀನೇ ಹೋಗಿ ಆ ವಸ್ತುವನ್ನು ಮುಟ್ಟಿ ತೋರಿಸು, ಕುದುರೆಯನ್ನು ಮೆಲ್ಲಗೆ ಹತ್ತಿರ ಕರೆದುಕೊಂಡು ಹೋಗು. ಇಂದಿನ ಪ್ರಾಣಿ ವರ್ತನೆಯ ಪಾಠಗಳಲ್ಲೂ ಇದೇ ಮಾತಿದೆ. ನಮ್ಮೂರಲ್ಲಿ ಎತ್ತು ಸೇತುವೆ ದಾಟದೆ ನಿಂತಾಗ ಬಾಲ ತಿರುಚುವವರೂ ಇದನ್ನು ಯೋಚಿಸಬಹುದು.

ಮೂರನೆಯದು ಕುದುರೆಯಾಳಿನ ಸುರಕ್ಷೆಗೆ ಸಂಬಂಧಪಟ್ಟದ್ದು. ಮೈ ಉಜ್ಜುವಾಗ ಕುದುರೆ ನೋಡುವ ದಿಕ್ಕಿಗೇ ಮುಖ ಮಾಡಿ ಅದರ ಕಾಲ ಬಳಿ ಕೂತರೆ ಮೊಣಕಾಲೋ ಗೊರಸೋ ಮುಖಕ್ಕೆ ಬಡಿಯಬಹುದು. ಕುದುರೆಯ ಭುಜದ ಪಕ್ಕದಲ್ಲಿ, ಅದರ ಬಾಲದ ಕಡೆಗೆ ಮುಖ ಮಾಡಿ, ಕಾಲಿಗೆ ಸಿಗದ ಹಾಗೆ ಇದ್ದು ಉಜ್ಜಬೇಕು. ಒಬ್ಬ ಲಾಯದ ಆಳಿನ ಹಲ್ಲು, ಮೂಗು ಉಳಿಯಲೆಂದು ಸುಮಾರು 2,400 ವರ್ಷಗಳ ಹಿಂದೆ ಒಬ್ಬ ಸೈನಿಕ ಇಷ್ಟು ವಿವರ ಬರೆದದ್ದು ನಮಗೆ ಬಹಳ ದೊಡ್ಡದೆನಿಸಿತು.

ಅಲೆಕ್ಸಾಂಡರನ ಕುದುರೆಯ ಕತೆ ಶಾಲೆಯಲ್ಲಿ ಕೇಳಿರುತ್ತೀರಿ. ಬ್ಯುಸಿಫಲಸ್ ಎಂಬ ಆ ಕುದುರೆ ಯಾರನ್ನೂ ಹತ್ತಿರ ಸೇರಿಸುತ್ತಿರಲಿಲ್ಲ. ಅದು ತನ್ನ ನೆರಳಿಗೇ ಬೆದರುತ್ತಿದೆ ಎಂದು ಹುಡುಗ ಅಲೆಕ್ಸಾಂಡರ್ ಗಮನಿಸಿದ, ಅದರ ಮುಖವನ್ನು ಸೂರ್ಯನ ಕಡೆ ತಿರುಗಿಸಿದ, ಮೈ ಸವರಿ ಹತ್ತಿದ ಎಂದು ಪ್ಲುಟಾರ್ಕ್ ಬರೆದಿದ್ದಾನೆ. ಈ ಕತೆಯನ್ನು ನಾವು ಶೌರ್ಯದ ಕತೆಯಾಗಿ ಓದಿದ್ದೇವೆ. ನಿಜಕ್ಕೂ ಅದು ಗಮನಿಸುವ ಕತೆ. ಉಳಿದವರು ಕುದುರೆಯನ್ನು ನೋಡಿದರು. ಆ ಹುಡುಗ ಕುದುರೆ ಏನು ನೋಡುತ್ತಿದೆ ಎಂದು ನೋಡಿದ.

ಬಾಲಕ್ಕೂ ದುಡ್ಡು ಕೊಟ್ಟ ಕಾಲ

ಈಗ ನಮ್ಮ ನಾಡಿಗೆ ಬರೋಣ. ದಕ್ಷಿಣ ಭಾರತದ ರಾಜರಿಗೆ ಯುದ್ಧಕ್ಕೆ ಕುದುರೆ ಬೇಕೇ ಬೇಕು. ಆದರೆ ಒಳ್ಳೆಯ ಯುದ್ಧದ ಕುದುರೆ ನಮ್ಮ ಹವೆಯಲ್ಲಿ ಸುಲಭಕ್ಕೆ ಬೆಳೆಯುತ್ತಿರಲಿಲ್ಲ. ಹಾಗಾಗಿ ಅರಬ್ ನಾಡು, ಪರ್ಷಿಯಾದಿಂದ ಹಡಗಿನಲ್ಲಿ ತರಿಸುತ್ತಿದ್ದರು. ಹೊರ್ಮುಜ್, ಏಡನ್ ಬಂದರುಗಳಲ್ಲಿ ಹತ್ತಿಸಿದ ಕುದುರೆಗಳು ನಮ್ಮ ಭಟ್ಕಳ, ಹೊನ್ನಾವರ, ಆಮೇಲೆ ಗೋವಾದಲ್ಲಿ ಇಳಿಯುತ್ತಿದ್ದವು.

ಹದಿಮೂರನೇ ಶತಮಾನದ ಕೊನೆಯಲ್ಲಿ ಬಂದ ಮಾರ್ಕೊ ಪೋಲೊ ತಮಿಳು ನಾಡಿನ ಪಾಂಡ್ಯರ ಸೀಮೆಯ ಬಗ್ಗೆ ಬರೆದದ್ದು ಓದಿದರೆ ಕರುಳು ಚುರ್ ಎನ್ನುತ್ತದೆ. ಅಲ್ಲಿನ ಒಬ್ಬೊಬ್ಬ ಅರಸ ವರ್ಷಕ್ಕೆ ಎರಡು ಸಾವಿರಕ್ಕೂ ಹೆಚ್ಚು ಕುದುರೆ ಕೊಳ್ಳುತ್ತಾನೆ, ವರ್ಷದ ಕೊನೆಗೆ ನೂರೂ ಉಳಿಯುವುದಿಲ್ಲ ಎನ್ನುತ್ತಾನೆ. ಕಾರಣ, ಅವುಗಳನ್ನು ನೋಡಿಕೊಳ್ಳಲು ತಿಳಿದವರು ಇಲ್ಲ. ಅನ್ನ, ಮಾಂಸ ಬೇಯಿಸಿ ತಿನ್ನಿಸುತ್ತಾರೆ. ಇನ್ನೂ ಒಂದು ಮಾತು ಸೇರಿಸುತ್ತಾನೆ: ಕುದುರೆ ವ್ಯಾಪಾರಿಗಳು ಕುದುರೆ ವೈದ್ಯರನ್ನು ಅಲ್ಲಿಗೆ ಕರೆತರುವುದಿಲ್ಲ, ಬೇರೆಯವರಿಗೂ ತರಗೊಡುವುದಿಲ್ಲ. ಕುದುರೆ ಸತ್ತಷ್ಟೂ ಅವರಿಗೆ ವ್ಯಾಪಾರ.

ಪೋಲೊ ಸ್ವಲ್ಪ ಹೆಚ್ಚಿಸಿ ಹೇಳಿರಬಹುದು. ಆದರೆ ಮೇವಿನ ವಿಷಯ ಸುಳ್ಳಲ್ಲವೆಂದು ಕುದುರೆಯ ಹೊಟ್ಟೆಯೇ ಹೇಳುತ್ತದೆ. ಹಸುವಿನಂತೆ ಕುದುರೆಗೆ ನಾಲ್ಕು ಕೋಣೆಯ ಹೊಟ್ಟೆ ಇಲ್ಲ. ಅದರ ಜಠರ ಮೈಗೆ ಹೋಲಿಸಿದರೆ ಬಹಳ ಚಿಕ್ಕದು. ಹುಲ್ಲು ಕರಗುವುದು ಹಿಂದಿನ ದೊಡ್ಡ ಕರುಳಿನಲ್ಲಿ. ಬಯಲಿನಲ್ಲಿ ಬಿಟ್ಟರೆ ಅದು ದಿನದ ಬಹುಪಾಲು ಹೊತ್ತು ಸ್ವಲ್ಪ ಸ್ವಲ್ಪವೇ ಮೇಯುತ್ತಾ ಇರುತ್ತದೆ. ಒಮ್ಮೆಗೇ ಹೆಚ್ಚು ಧಾನ್ಯ ತಿನ್ನಿಸಿದರೆ ಹೊಟ್ಟೆಶೂಲೆ ಬರುತ್ತದೆ, ಗೊರಸಿನ ಒಳಗೆ ಉರಿಯೂತವಾಗಿ ಕುಂಟುತ್ತದೆ. ಜೊತೆಗೆ ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ. ತಿಂದ ತಪ್ಪು ಮೇವು ಹೊರಗೆ ಬರುವ ದಾರಿಯೇ ಇಲ್ಲ. ಪ್ರೀತಿಯಿಂದ ಹಬ್ಬದೂಟ ಬಡಿಸಿದವರೂ ಕುದುರೆಯನ್ನು ಕೊಂದಿರಬಹುದು.

ವಿಜಯನಗರದ ಲೆಕ್ಕ ಇನ್ನೂ ದೊಡ್ಡದು. ಹದಿನಾರನೇ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ಫೆರ್ನಾವ್ ನೂನಿಜ್, ಅರಸರು ವರ್ಷಕ್ಕೆ ಹೊರ್ಮುಜ್ ಕುದುರೆ, ನಾಟಿ ಕುದುರೆ ಸೇರಿ 13,000 ಕೊಳ್ಳುತ್ತಿದ್ದರು ಎಂದು ಬರೆದಿದ್ದಾನೆ. ಒಳ್ಳೆಯವನ್ನು ಅರಸ ತನ್ನ ಲಾಯಕ್ಕೆ ಇಟ್ಟುಕೊಂಡು ಉಳಿದದ್ದನ್ನು ನಾಯಕರಿಗೆ ಕೊಡುತ್ತಿದ್ದ. ಅದಕ್ಕೂ ಮುಂಚೆ 1485ರಿಂದ 1491ರವರೆಗೆ ಆಳಿದ ಸಾಳುವ ನರಸಿಂಹನ ಬಗ್ಗೆ ನೂನಿಜ್ ಹೇಳುವ ಸಂಗತಿ ನಮ್ಮನ್ನು ಬಹಳ ಹೊತ್ತು ಕಾಡಿತು. ಸಮುದ್ರದಲ್ಲಿ ಸತ್ತ ಕುದುರೆಗೂ ಅವನು ವ್ಯಾಪಾರಿಗೆ ಹಣ ಕೊಡುತ್ತಿದ್ದನಂತೆ. ಸಾಕ್ಷಿಗೆ ಸತ್ತ ಕುದುರೆಯ ಬಾಲ ತಂದು ತೋರಿಸಿದರೆ ಸಾಕು!

ರಾಜನಿಗೆ ಇದು ಒಳ್ಳೆಯ ಲೆಕ್ಕಾಚಾರವೇ. ಹಣಕ್ಕೆ ಭಯವಿಲ್ಲದಿದ್ದರೆ ವ್ಯಾಪಾರಿಗಳು ಹೆಚ್ಚು ಕುದುರೆ ತರುತ್ತಾರೆ, ಶತ್ರುವಿಗೆ ಮಾರದೆ ಇಲ್ಲಿಗೇ ತರುತ್ತಾರೆ. ಆದರೆ ಕುದುರೆಯ ಕಡೆಯಿಂದ ನೋಡಿ. ಬದುಕಿದ ಕುದುರೆಗೂ ಬಾಲಕ್ಕೂ ಒಂದೇ ಬೆಲೆಯಾದರೆ, ಹಡಗಿನ ಒಡಲಲ್ಲಿ ವಾರಗಟ್ಟಲೆ ನಿಂತೇ ಇರುವ ಪ್ರಾಣಿಗೆ ನೀರು, ಗಾಳಿ ಕೊಡಬೇಕೆಂದು ಯಾರಿಗೆ ಅನಿಸೀತು?

ಆದರೂ ವಿಜಯನಗರ ಪೋಲೊ ಕಂಡ ಸೀಮೆಯಂತೆ ಇರಲಿಲ್ಲ. ಅರಮನೆಯಲ್ಲಿ ಕುದುರೆ ನೋಡಿಕೊಳ್ಳುವವರು 1,600 ಜನ, ಕುದುರೆ ಪಳಗಿಸುವವರು 300 ಜನ ಇದ್ದರೆಂದು ಅದೇ ನೂನಿಜ್ ಲೆಕ್ಕ ಕೊಡುತ್ತಾನೆ. ಹಂಪಿಗೆ ಹೋದಾಗ ಹಜಾರರಾಮ ಗುಡಿಯ ಹೊರಗೋಡೆ ನೋಡಿ. ಸಾಲು ಸಾಲು ಕುದುರೆಗಳು, ಪಕ್ಕದಲ್ಲಿ ಅವುಗಳನ್ನು ನಡೆಸುವ ಆಳುಗಳು. ನಾವು ಕುದುರೆ ನೋಡಿ, ಫೋಟೋ ತೆಗೆದು ಮುಂದೆ ಹೋಗುತ್ತೇವೆ. ಮುಂದಿನ ಸಲ ಆ ಆಳುಗಳನ್ನು ನೋಡಿ. ಆ 1,900 ಜನರಲ್ಲಿ ಒಬ್ಬನ ಹೆಸರೂ ನಮಗೆ ಗೊತ್ತಿಲ್ಲ. ಅವರಿಲ್ಲದಿದ್ದರೆ ಆ ಕುದುರೆಗಳಲ್ಲಿ ಒಂದೂ ಯುದ್ಧಕ್ಕೆ ಹೋಗುತ್ತಿರಲಿಲ್ಲ.

ಕನ್ನಡದಲ್ಲೂ ಇತ್ತು ಈ ವಿದ್ಯೆ

ಈ ವಿದ್ಯೆ ನಮ್ಮಲ್ಲಿ ಇರಲೇ ಇಲ್ಲ ಎಂದುಕೊಳ್ಳಬೇಡಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ಹನ್ನೆರಡನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಕುದುರೆಯ ಜಾತಿ, ಲಕ್ಷಣ, ಸವಾರಿ, ಕುದುರೆ ಮೇಲೆ ಕುಳಿತು ಆಡುವ ಚೆಂಡಾಟದ ವಿವರವೂ ಇದೆ. ಅದೇ ಕಾಲದಲ್ಲಿ ಚಾಲುಕ್ಯ ರಾಜಕುಮಾರ ಕೀರ್ತಿವರ್ಮ ದನಕರುಗಳ ಚಿಕಿತ್ಸೆಗೆ ಗೋವೈದ್ಯ ಎಂಬ ಕೃತಿಯನ್ನು ಕನ್ನಡದಲ್ಲೇ ಬರೆದ. ಸುಮಾರು 1400ರ ಹೊತ್ತಿಗೆ ಅಭಿನವಚಂದ್ರ ಕುದುರೆಯ ವೈದ್ಯವನ್ನು ಕನ್ನಡಕ್ಕೆ ತಂದ.

ಕನ್ನಡದಲ್ಲಿ ಬರೆದದ್ದು ಏಕೆ ದೊಡ್ಡ ಮಾತು? ಸಂಸ್ಕೃತ ಬಲ್ಲ ಪಂಡಿತ ಲಾಯದಲ್ಲಿ ಸಗಣಿ ಬಾಚುವುದಿಲ್ಲ. ಸಗಣಿ ಬಾಚುವವನಿಗೆ ತಿಳಿಯುವ ಮಾತಿನಲ್ಲಿ ವಿದ್ಯೆ ಇದ್ದರೆ ಮಾತ್ರ ಅದು ಕುದುರೆಗೆ ತಲುಪುತ್ತದೆ.

ಮೇವಿನಲ್ಲೂ ನಮ್ಮ ಜನ ದಾರಿ ಕಂಡುಕೊಂಡರು. ನಮ್ಮ ಹೊಲದ ಹುರುಳಿಯನ್ನು ನೆನೆಸಿ, ಬೇಯಿಸಿ ಅಳತೆಯಲ್ಲಿ ಕುದುರೆಗೆ ಕೊಡುವುದು ರೂಢಿಗೆ ಬಂತು. ಇಂಗ್ಲಿಷರು ಹುರುಳಿಯನ್ನು ಇಂದಿಗೂ ಕುದುರೆಕಾಳು ಎಂಬ ಅರ್ಥದ ಹೆಸರಿನಿಂದಲೇ ಕರೆಯುತ್ತಾರೆ. ನಮ್ಮ ಹುರುಳಿಸಾರಿನ ಕಾಳು ಒಂದು ಕಾಲದಲ್ಲಿ ದಂಡಿನ ಬಲ.

ಕುದುರೆ ಸತ್ತರೆ ಬದುಕು ಸತ್ತಂತೆ

ಮೈಸೂರು ಸಂಸ್ಥಾನದಲ್ಲಿ ಶಿಲ್ಲೇದಾರಿ ಪದ್ಧತಿ ಇತ್ತು. ಶಿಲ್ಲೇದಾರ ಎಂದರೆ ತನ್ನ ಸ್ವಂತ ಕುದುರೆಯೊಂದಿಗೆ ದಂಡಿಗೆ ಸೇರುವ ಸವಾರ. ಬೇರೆಯವರ ಕುದುರೆ ಹತ್ತುವವನು ಬಾರ್ಗೀರ. ಉತ್ತರ ಕರ್ನಾಟಕದ ಕಡೆ ಶಿಲೇದಾರ, ರಾವುತ ಎಂಬ ಅಡ್ಡಹೆಸರುಗಳು ಇಂದಿಗೂ ಇವೆ.

ಈ ಪದ್ಧತಿಯಲ್ಲಿ ಕುದುರೆ ಸತ್ತರೆ ಸವಾರನ ಕೆಲಸವೇ ಹೋಗುತ್ತಿತ್ತು. ಬಾಲ ತೋರಿಸಿದರೆ ಹಣ ಕೊಡುವವರು ಯಾರೂ ಇಲ್ಲ. ಆದ್ದರಿಂದ ಅವನು ತಾನು ಉಣ್ಣುವ ಮುಂಚೆ ಕುದುರೆಗೆ ತಿನ್ನಿಸಬೇಕು, ಗೊರಸಿನ ಕಲ್ಲು ತೆಗೆಯಬೇಕು, ಲಾಳ ಸಡಿಲವಾಗಿದೆಯೇ ನೋಡಬೇಕು. ನಷ್ಟ ಯಾರ ತಲೆಗೆ ಬೀಳುತ್ತದೋ ಅವರೇ ಪ್ರಾಣಿಯನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೆ. ಆದರೆ ಅದೇ ಪದ್ಧತಿಗೆ ಇನ್ನೊಂದು ಮುಖವೂ ಇದೆ: ಕುದುರೆ ಉಳಿಸಿಕೊಳ್ಳಲು ಸವಾರ ಅಪಾಯದಿಂದ ಹಿಂದೆ ಸರಿಯುವ ಸಂಭವವೂ ಉಂಟು.

1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣದ ಮೇಲೆ ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್ ದಾಳಿ ಮಾಡಿದರು. ಒಂದು ಕಡೆ ಕಾರ್ಮೆಲ್ ಬೆಟ್ಟ, ಇನ್ನೊಂದು ಕಡೆ ಕಿಶೋನ್ ನದಿ, ಎದುರಿಗೆ ಮಶಿನ್‌ಗನ್. ಮೈಸೂರಿನ ಸವಾರರು ಬೆಟ್ಟ ಹತ್ತಿ ಅಲ್ಲಿನ ಫಿರಂಗಿಗಳ ಮೇಲೆ ಬಿದ್ದರು, ಜೋಧಪುರದವರು ಕಣಿವೆಯಲ್ಲಿ ನುಗ್ಗಿದರು. ಪಟ್ಟಣ ಕೈವಶವಾಯಿತು. ಆ ದಿನ ಸತ್ತ ಸೈನಿಕರು 8 ಜನ, ಸತ್ತ ಕುದುರೆಗಳು 60, ಗಾಯಗೊಂಡವು 83 ಎಂದು ದಾಖಲೆ ಹೇಳುತ್ತದೆ.

ತನ್ನ ನೆರಳಿಗೇ ಬೆದರುವ ಪ್ರಾಣಿ ಮಶಿನ್‌ಗನ್ನಿಗೆ ಎದುರಾಗಿ ಓಡಿದ್ದು ಹೇಗೆ? ಎರಡು ಕಾರಣ. ಒಂದು, ಕುದುರೆ ಹಿಂಡಿನ ಪ್ರಾಣಿ. ಪಕ್ಕದ ಕುದುರೆ ಓಡಿದರೆ ತಾನೂ ಓಡುತ್ತದೆ, ಒಂಟಿಯಾಗಿ ಉಳಿಯಲು ಹೆದರುತ್ತದೆ. ಎರಡು, ತಿಂಗಳುಗಟ್ಟಲೆ ಸದ್ದಿಗೆ ರೂಢಿ ಮಾಡಿಸಿರುತ್ತಾರೆ. ಈ ರೂಢಿ ಮಾಡಿಸುವುದನ್ನು ನಾವು ಇಂದಿಗೂ ನೋಡಬಹುದು. ಪ್ರತಿವರ್ಷ ಮೈಸೂರು ದಸರೆಗೆ ಮುಂಚೆ ಆನೆ, ಕುದುರೆಗಳನ್ನು ಸಾಲಾಗಿ ನಿಲ್ಲಿಸಿ ಕುಶಾಲತೋಪು ಹಾರಿಸಿ ತಾಲೀಮು ಮಾಡಿಸುತ್ತಾರೆ. ಒಂದು ಸಲ ಅಲ್ಲ, ಹಲವು ಸಲ. ಮೊದಲ ದಿನ ಬೆಚ್ಚಿದ ಕುದುರೆ ಕೊನೆಯ ತಾಲೀಮಿಗೆ ಕಿವಿಯನ್ನಷ್ಟೇ ತಿರುಗಿಸುತ್ತದೆ. ನಮ್ಮ ಮದುವೆ ಕುದುರೆಗೆ ಯಾವ ತಾಲೀಮು ಇತ್ತು? ನೇರ ಸರಪಟಾಕಿ!

ಲೆಕ್ಕ ಮಾಡಿದ ಕುದುರೆ

ಇನ್ನೊಂದು ಪ್ರಸಂಗ ಹೇಳಿ ಮುಗಿಸುತ್ತೇವೆ. ಇಪ್ಪತ್ತನೇ ಶತಮಾನದ ಆರಂಭದಲ್ಲಿ ಜರ್ಮನಿಯ ಬರ್ಲಿನ್ನಿನಲ್ಲಿ ವಿಲ್ಹೆಲ್ಮ್ ಫಾನ್ ಓಸ್ಟನ್ ಎಂಬ ನಿವೃತ್ತ ಶಿಕ್ಷಕರ ಹತ್ತಿರ ಹಾನ್ಸ್ ಎಂಬ ಕುದುರೆ ಇತ್ತು. ಮೂರು ಎರಡು ಎಷ್ಟು ಎಂದು ಕೇಳಿದರೆ ಐದು ಸಲ ಗೊರಸು ಬಡಿಯುತ್ತಿತ್ತು. ಊರೆಲ್ಲ ಬೆರಗಾಯಿತು. 1904ರಲ್ಲಿ ಪರೀಕ್ಷಿಸಿದ ಸಮಿತಿಗೂ ಮೋಸ ಕಾಣಲಿಲ್ಲ.

ಆಮೇಲೆ ಆಸ್ಕರ್ ಪ್ಫುಂಗ್‌ಸ್ಟ್ ಎಂಬ ಸಂಶೋಧಕ ಗುಟ್ಟು ಬಿಡಿಸಿದ. ಪ್ರಶ್ನೆ ಕೇಳುವವನಿಗೇ ಉತ್ತರ ಗೊತ್ತಿಲ್ಲದಿದ್ದರೆ, ಅಥವಾ ಅವನು ಕುದುರೆಗೆ ಕಾಣದಿದ್ದರೆ, ಹಾನ್ಸ್ ಸೋಲುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕೂಡಲೇ ಕೇಳುವವನ ತಲೆ ಅವನಿಗೇ ಅರಿವಿಲ್ಲದೆ ಕೂದಲೆಳೆಯಷ್ಟು ಅಲುಗುತ್ತಿತ್ತು. ಕುದುರೆ ಅದನ್ನು ನೋಡಿ ಗೊರಸು ನಿಲ್ಲಿಸುತ್ತಿತ್ತು. ಅದಕ್ಕೆ ಲೆಕ್ಕ ಬರುತ್ತಿರಲಿಲ್ಲ, ಮನುಷ್ಯನನ್ನು ಓದಲು ಬರುತ್ತಿತ್ತು.

2016ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕುದುರೆಗಳಿಗೆ ಮನುಷ್ಯರ ಕೋಪದ ಮುಖ, ನಗುಮುಖದ ಫೋಟೋ ತೋರಿಸಿದರು. ಕೋಪದ ಮುಖ ಕಂಡಾಗ ಅವುಗಳ ಎದೆಬಡಿತ ಬೇಗ ಏರಿತು. ಕೋಪದಲ್ಲಿ ಕುದುರೆ ಮುಟ್ಟಬೇಡ ಎಂದ ಝೆನೋಫನ್ನನ ಮಾತು ಮತ್ತೆ ನೆನಪಾಯಿತು. ನಾವು ಹೆದರಿದರೆ ಅದಕ್ಕೆ ಗೊತ್ತಾಗುತ್ತದೆ, ಸಿಟ್ಟಾದರೂ ಗೊತ್ತಾಗುತ್ತದೆ. ಅದರ ಮೈಮಾತು ಮಾತ್ರ ನಮಗೆ ಗೊತ್ತಾಗುವುದಿಲ್ಲ.

ಕಲಿತರೆ ಕಷ್ಟವೇನಲ್ಲ. ಕಿವಿ ಮುಂದಕ್ಕೆ ನಿಮಿರಿದ್ದರೆ ಏನನ್ನೋ ಗಮನಿಸುತ್ತಿದೆ. ಕಿವಿ ಸಡಿಲಾಗಿ, ಕೆಳದುಟಿ ಜೋತು, ಒಂದು ಹಿಂಗಾಲು ಮಡಿಸಿದ್ದರೆ ನಿಂತಲ್ಲೇ ತೂಕಡಿಸುತ್ತಿದೆ, ಆಗ ದಿಢೀರ್ ಮುಟ್ಟಬಾರದು. ಕಿವಿ ಹಿಂದಕ್ಕೆ ಕತ್ತಿಗೆ ಅಂಟಿಕೊಂಡಿದ್ದರೆ, ಕಣ್ಣಿನ ಬಿಳಿ ಕಂಡರೆ, ಬಾಲ ಜೋರಾಗಿ ಬೀಸಿದರೆ, ಹಿಂಭಾಗ ನಿಮ್ಮ ಕಡೆ ತಿರುಗಿಸಿದರೆ ಅದು ಎಚ್ಚರಿಕೆ. ದೂರ ಸರಿಯಿರಿ.

ನಮ್ಮ ಊರಿಗೆ ಕುದುರೆ ಬಂದಾಗ

ಜಟಕಾ ಗಾಡಿ ಹೋಯಿತು, ಆಟೋ ಬಂತು. ದಂಡು ಹೋಯಿತು, ಟ್ಯಾಂಕ್ ಬಂತು. ಊರಿನಲ್ಲಿ ಲಾಳ ಹೊಡೆಯುವವನೂ ಇಲ್ಲ, ಕುದುರೆ ಬಲ್ಲ ಹಿರಿಯರೂ ಕಡಿಮೆಯಾದರು. ಆದರೆ ಮದುವೆಗೆ, ಜಾತ್ರೆಗೆ, ಉತ್ಸವಕ್ಕೆ ಕುದುರೆ ಬರುವುದು ನಿಂತಿಲ್ಲ. ಪ್ರಾಣಿ ಉಳಿಯಿತು, ಅದರ ವಿದ್ಯೆ ಹೋಯಿತು. ಅಪಾಯ ಇರುವುದು ಇಲ್ಲೇ. ಹಾಗಾಗಿ ಇಷ್ಟನ್ನು ಮನೆಯ ಮಕ್ಕಳಿಗೂ ಹೇಳಿಕೊಡಿ.

ಕುದುರೆಯ ಹತ್ತಿರ ಹೋಗುವುದಿದ್ದರೆ ಅದರ ಒಡೆಯನನ್ನು ಮೊದಲು ಕೇಳಿ. ಪಕ್ಕದಿಂದ, ಎಡ ಭುಜದ ಕಡೆಗೆ, ಮೆಲ್ಲಗೆ ಮಾತಾಡುತ್ತಾ ಹೋಗಿ. ಮೊದಲು ಮುಟ್ಟುವುದು ಕತ್ತು ಅಥವಾ ಭುಜ, ಮುಖವಲ್ಲ.

ಹಿಂದಿನಿಂದ ಹಾದುಹೋಗಬೇಕಾದರೆ ಮೂರು ನಾಲ್ಕು ಮೀಟರ್ ದೂರದಿಂದ ಹೋಗಿ. ಕುದುರೆಯ ಕೆಳಗೆ ನುಸುಳಬೇಡಿ, ಅದರ ಕಾಲ ಬಳಿ ಕೂರಬೇಡಿ.

ಹಗ್ಗವನ್ನು ಕೈಗೆ ಎಂದೂ ಸುತ್ತಿಕೊಳ್ಳಬೇಡಿ. ಬೆದರಿ ಓಡಿದರೆ ಬೆರಳು ಹೋಗುತ್ತದೆ, ಇಲ್ಲವೇ ಎಳೆದುಕೊಂಡು ಹೋಗುತ್ತದೆ. ಕಟ್ಟುವಾಗ ಒಂದೇ ಎಳೆತಕ್ಕೆ ಬಿಚ್ಚುವ ಗಂಟು ಹಾಕಿ.

ಬೆಲ್ಲವೋ ಕ್ಯಾರೆಟ್ಟೋ ಕೊಡುವುದಿದ್ದರೆ ಒಡೆಯನ ಒಪ್ಪಿಗೆ ಪಡೆದು, ಅಂಗೈ ಚಪ್ಪಟೆ ಮಾಡಿ ಕೊಡಿ. ಬೆರಳ ತುದಿಯಲ್ಲಿ ಹಿಡಿದರೆ ಬೆರಳೂ ಹಲ್ಲಿಗೆ ಸಿಗುತ್ತದೆ.

ಮೆರವಣಿಗೆಯಲ್ಲಿ ಪಟಾಕಿ, ಡಿಜೆ, ಕಣ್ಣಿಗೆ ಹೊಡೆಯುವ ಲೈಟು ಕುದುರೆಯಿಂದ ದೂರ ಇರಲಿ. ಬೆದರಿದ ಕುದುರೆಯ ಸುತ್ತ ಕೂಗಾಡುತ್ತಾ ಓಡಬೇಡಿ. ದಾರಿ ಬಿಡಿ, ಹಗ್ಗ ಹಿಡಿದವನಿಗೆ ಕೆಲಸ ಮಾಡಲು ಬಿಡಿ.

ಒದೆತ, ಕಡಿತ ಆದರೆ ಗಾಯವನ್ನು ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ. ಕುದುರೆ ಇರುವ ಮಣ್ಣು, ಸಗಣಿಯಲ್ಲಿ ಧನುರ್ವಾಯು ತರುವ ರೋಗಾಣು ಇರುತ್ತದೆ. ಕಚ್ಚಿದ್ದರೆ ರೇಬಿಸ್ ಚುಚ್ಚುಮದ್ದಿನ ಬಗ್ಗೆಯೂ ಡಾಕ್ಟರನ್ನು ಕೇಳಿ. ಹೊಟ್ಟೆಗೆ, ತಲೆಗೆ ಒದೆತ ಬಿದ್ದಿದ್ದರೆ ಮೇಲೆ ಗಾಯ ಕಾಣದಿದ್ದರೂ ತಡ ಮಾಡಬೇಡಿ.

ಆ ಹುಡುಗ ಮೂರು ತಿಂಗಳು ಮಲಗಿದ್ದು, ಈಗ ನಡೆಯುತ್ತಿದ್ದಾನೆ. ಈ ಲೇಖನ ಬರೆಯುವ ಮುಂಚೆ ಅವನನ್ನು ನೋಡಲು ಹೋಗಿದ್ದೆವು. "ಅಣ್ಣಾ, ಆ ಕುದುರೆಗೆ ನನ್ನ ಮ್ಯಾಲೆ ಯಾಕೆ ಸಿಟ್ಟು?" ಎಂದು ಕೇಳಿದ. ಸಿಟ್ಟಲ್ಲ ಕಣೋ, ಹೆದರಿಕೆ, ನೀನು ಅದಕ್ಕೆ ಕಾಣಲೇ ಇಲ್ಲ ಎಂದು ಹೇಳಿದೆವು. ಸ್ವಲ್ಪ ಹೊತ್ತು ಯೋಚಿಸಿ, "ಹಂಗಾದ್ರೆ ಆ ತಾತನ್ನ ಯಾಕೆ ಹೊಡೆದ್ರು?" ಎಂದ.

ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಆ ತಾತನ ಹೆಸರನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ.